ಸಾಂಕ್ರಾಮಿಕದ ಹೊತ್ತಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಯಾಕೆ ಸಿಗುವುದಿಲ್ಲ?

ಆಸ್ಪತ್ರೆಯ ಕಾರಿಡಾರ್ ಬಿಕೋ ಅನ್ನುತ್ತಿದೆ. ಒಂದು ಬಿಟ್ಟು ಒಂದು ಕುರ್ಚಿಗೆ ಟೇಪ್ ಅಂಟಿಸಿದ್ದಾರೆ. ಬಾಗಿಲ ಹತ್ತಿರ ಗದ್ದಲವೇ ಇಲ್ಲ. ಆದರೂ ಫೋನ್ ಮಾಡಿದರೆ ಬರುವ ಉತ್ತರ ಒಂದೇ: "ಈ ವಾರ ಯಾವ ಸ್ಲಾಟೂ ಇಲ್ಲ." ಕೋವಿಡ್ ಕಾಲದಲ್ಲಿ ಇದನ್ನು ಕೇಳಿಸಿಕೊಂಡ ಎಷ್ಟೋ ಜನರಿಗೆ ಸಿಟ್ಟು ಬಂತು. ಜನವೇ ಇಲ್ಲ, ಹಾಗಾದರೆ ಸ್ಲಾಟ್ ಎಲ್ಲಿ ಹೋಯಿತು? ಬೇಕಂತಲೇ ನಮ್ಮನ್ನು ಸಾಗಹಾಕುತ್ತಿದ್ದಾರಾ?

ಈ ಅನುಮಾನ ಸಹಜ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2020ರ ಮಾರ್ಚ್ 29ರಿಂದ ಏಪ್ರಿಲ್ 25ರವರೆಗಿನ ಲೆಕ್ಕ ತೆಗೆದು ನೋಡಿತು. ಹಿಂದಿನ ವರ್ಷದ ಅದೇ ದಿನಗಳಿಗೆ ಹೋಲಿಸಿದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರ ಸಂಖ್ಯೆ ಶೇ. 42ರಷ್ಟು ಕುಸಿದಿತ್ತು. ಅಂದರೆ ಆಸ್ಪತ್ರೆ ಖಾಲಿ ಕಾಣುತ್ತಿದ್ದುದು ನಿಜ. ಡಾಕ್ಟರ್ ಸಿಗದಿದ್ದುದೂ ನಿಜ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಅನ್ನುವುದು ಅರ್ಥವಾದರೆ ಫೋನ್ ಎತ್ತಿದ ಹುಡುಗಿಯ ಮೇಲೆ ರೇಗುವುದು ಕಡಿಮೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮಗೆ ನಿಜವಾಗಿ ಚಿಕಿತ್ಸೆ ಬೇಕಾದಾಗ ಅದನ್ನು ಪಡೆಯುವ ದಾರಿ ಕಾಣುತ್ತದೆ.

ಹತ್ತು ನಿಮಿಷದ ಸ್ಲಾಟ್ ಹದಿನೆಂಟಾದಾಗ

ಒಬ್ಬ ಡಾಕ್ಟರ್ ದಿನಕ್ಕೆ ಐದು ಗಂಟೆ ರೋಗಿಗಳನ್ನು ನೋಡುತ್ತಾರೆ ಎಂದುಕೊಳ್ಳೋಣ. ಒಬ್ಬರಿಗೆ ಹತ್ತು ನಿಮಿಷ. ಲೆಕ್ಕ ಸುಲಭ, 30 ಜನ. ಮಾಮೂಲಿ ದಿನಗಳಲ್ಲಿ ಒಬ್ಬರು ಎದ್ದು ಹೋಗುವ ಮೊದಲೇ ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. ನಡುವೆ ಒಂದು ನಿಮಿಷವೂ ಪೋಲಾಗುವುದಿಲ್ಲ.

ಸಾಂಕ್ರಾಮಿಕದ ಸಮಯದಲ್ಲಿ ಅದೇ ಕೋಣೆಯ ಒಳಗೆ ಏನಾಗುತ್ತದೆ ನೋಡಿ. ರೋಗಿ ಒಳಬರುವ ಮೊದಲು ಜ್ವರ ನೋಡಬೇಕು, ಕೆಮ್ಮು ಇದೆಯಾ ಎಂದು ಕೇಳಬೇಕು. ಮಾಸ್ಕ್ ಹಾಕಿಕೊಂಡೇ ಮಾತಾಡುವುದರಿಂದ ಹೇಳಿದ್ದನ್ನೇ ಎರಡು ಸಲ ಹೇಳಬೇಕಾಗುತ್ತದೆ, ವಯಸ್ಸಾದವರಿಗಂತೂ ಇನ್ನೂ ಜಾಸ್ತಿ. ಅವರು ಹೋದ ಮೇಲೆ ಕುರ್ಚಿ, ಮೇಜು, ಬಾಗಿಲ ಹಿಡಿ, ಸ್ಟೆತಸ್ಕೋಪ್ ಎಲ್ಲವನ್ನೂ ಒರೆಸಬೇಕು. ಕಿಟಕಿ ತೆರೆದು ಗಾಳಿ ಆಡಲು ಬಿಡಬೇಕು. ಗ್ಲೌಸ್ ಬದಲಾಯಿಸಬೇಕು. ಸೋಂಕಿನ ಅನುಮಾನ ಇದ್ದವರನ್ನು ನೋಡಿದ್ದರೆ ಪಿಪಿಇ ಕಿಟ್ ಬಿಚ್ಚಿ ಹೊಸದು ಹಾಕಿಕೊಳ್ಳಬೇಕು. ಅದರಲ್ಲೂ ಬಿಚ್ಚುವ ಕೆಲಸವನ್ನು ಆತುರದಲ್ಲಿ ಮಾಡುವ ಹಾಗಿಲ್ಲ. ಸೋಂಕು ಹತ್ತುವ ಅಪಾಯ ಹೆಚ್ಚಿರುವುದೇ ಬಿಚ್ಚುವಾಗ. ಇಷ್ಟೆಲ್ಲ ಸೇರಿ ಹತ್ತು ನಿಮಿಷದ ಸ್ಲಾಟ್ ಹದಿನೆಂಟು ನಿಮಿಷವಾಯಿತು ಎಂದರೆ, ಅದೇ ಐದು ಗಂಟೆಯಲ್ಲಿ ನೋಡಲು ಆಗುವುದು 16 ಜನರನ್ನು ಮಾತ್ರ. ಡಾಕ್ಟರೂ ಅವರೇ, ಕೋಣೆಯೂ ಅದೇ, ದುಡಿಮೆ ಮೊದಲಿಗಿಂತ ಜಾಸ್ತಿ. ಆದರೂ ಹತ್ತಿರ ಹತ್ತಿರ ಅರ್ಧದಷ್ಟು ಸ್ಲಾಟ್ ಮಾಯ.

ಹಲ್ಲಿನ ಡಾಕ್ಟರುಗಳ ಪಾಡು ಇನ್ನೂ ಕಷ್ಟ. ಹಲ್ಲು ಕೊರೆಯುವಾಗ ಸಣ್ಣ ಸಣ್ಣ ಹನಿಗಳು ಗಾಳಿಗೆ ಸೇರುತ್ತವೆ. ಹಾಗಾಗಿ 2020ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಚಿಕಿತ್ಸೆ ಆದ ಮೇಲೆ ಕೋಣೆಯನ್ನು ಒಂದು ಗಂಟೆವರೆಗೂ ಖಾಲಿ ಬಿಡಬೇಕಿತ್ತು. ಅಷ್ಟು ಹೊತ್ತು ಆ ಕೋಣೆಯಲ್ಲಿ ಯಾವ ರೋಗಿಯನ್ನೂ ಕೂರಿಸುವ ಹಾಗಿಲ್ಲ. ಹೊರಗಿನಿಂದ ನೋಡಿದವರಿಗೆ ಕಾಣುವುದು ಖಾಲಿ ಕ್ಲಿನಿಕ್ ಮಾತ್ರ.

ಇನ್ನು ಜನ. ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿ ಹಲವು ದೇಶಗಳಲ್ಲಿ ಸೋಂಕಿತರ ಜೊತೆ ಇದ್ದವರು 14 ದಿನ ಕ್ವಾರಂಟೈನ್‌ನಲ್ಲಿ ಇರಬೇಕಿತ್ತು. ಒಬ್ಬ ನರ್ಸ್‌ಗೆ ಪಾಸಿಟಿವ್ ಬಂದರೆ ಅವರ ಜೊತೆ ಊಟ ಮಾಡಿದ ನಾಲ್ಕು ಜನರೂ ಮನೆ ಸೇರಬೇಕಾಗುತ್ತಿತ್ತು. ಉಳಿದವರಲ್ಲಿ ಕೆಲವರನ್ನು ಐಸಿಯುಗೆ ಕಳಿಸುತ್ತಿದ್ದರು. ಐಸಿಯು ಎಷ್ಟು ಜನರನ್ನು ನುಂಗುತ್ತದೆ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಶ್ವಾಸಕೋಶ ತೀರಾ ಹದಗೆಟ್ಟು ವೆಂಟಿಲೇಟರ್‌ನಲ್ಲಿ ಇರುವ ರೋಗಿಯನ್ನು ದಿನಕ್ಕೆ 12ರಿಂದ 16 ಗಂಟೆ ಬೋರಲಾಗಿ ಮಲಗಿಸುತ್ತಾರೆ. ಹಾಗೆ ಒಂದು ಸಲ ತಿರುಗಿಸಲು ನಾಲ್ಕೈದು ಜನರಾದರೂ ಬೇಕು. ಒಬ್ಬರು ತಲೆಯ ಹತ್ತಿರ ನಿಂತು ಉಸಿರಿನ ಕೊಳವೆ ಜಾರದಂತೆ ಹಿಡಿದಿರುತ್ತಾರೆ, ಉಳಿದವರು ಎರಡೂ ಬದಿಯಿಂದ ಮೈಯನ್ನು ಎತ್ತಿ ಹೊರಳಿಸುತ್ತಾರೆ. ಸಂಜೆಗೋ ಬೆಳಗ್ಗೆಗೋ ಮತ್ತೆ ಅಂಗಾತ ಮಾಡುವಾಗ ಅಷ್ಟೇ ಜನ ಮತ್ತೆ ಸೇರಬೇಕು. ಅವರಲ್ಲಿ ಹಲವರು ಬಂದಿದ್ದು ಬೇರೆ ವಿಭಾಗಗಳಿಂದ. ಮಂಡಿ ನೋವಿಗೆ ನಿಮ್ಮನ್ನು ನೋಡಬೇಕಾಗಿದ್ದ ಫಿಸಿಯೋಥೆರಪಿಸ್ಟ್, ಹರ್ನಿಯಾ ಆಪರೇಷನ್‌ಗೆ ಅರಿವಳಿಕೆ ಕೊಡಬೇಕಾಗಿದ್ದ ಡಾಕ್ಟರ್ ಕೂಡ ಅಲ್ಲೇ ಇದ್ದರು.

ಆಪರೇಷನ್‌ಗಳು ನಿಂತಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಕೋವಿಡ್‌ಸರ್ಜ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಗುಂಪು 2020ರಲ್ಲಿ ಒಂದು ಅಂದಾಜು ಕೊಟ್ಟಿತು. ಸೋಂಕು ಉತ್ತುಂಗದಲ್ಲಿರುವ 12 ವಾರಗಳಲ್ಲಿ ಜಗತ್ತಿನಾದ್ಯಂತ ಸುಮಾರು 2.84 ಕೋಟಿ ಆಪರೇಷನ್‌ಗಳು ರದ್ದಾಗುತ್ತವೆ ಅಥವಾ ಮುಂದಕ್ಕೆ ಹೋಗುತ್ತವೆ ಎಂದು.

ಕ್ಯೂ ಯಾಕೆ ಇದ್ದಕ್ಕಿದ್ದಂತೆ ಉದ್ದವಾಗುತ್ತದೆ

ಇಲ್ಲಿ ಒಂದು ಗಣಿತ ಇದೆ. ನನ್ನ ಪ್ರಕಾರ ಈ ಇಡೀ ವಿಷಯದ ಜೀವಾಳ ಅದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಆಗ್ನರ್ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆ ಕಂಪನಿಗೆ ಇದ್ದ ಸಮಸ್ಯೆ ಎಂದರೆ, ಕರೆಗಳು ಬೇಕಾಬಿಟ್ಟಿ ಹೊತ್ತಿನಲ್ಲಿ ಬರುತ್ತವೆ, ಎಷ್ಟು ಲೈನ್ ಇಟ್ಟರೆ ಸಾಕು? ಅಲ್ಲಿಂದ ಶುರುವಾದ ಕ್ಯೂಗಳ ಗಣಿತ ಇವತ್ತು ಆಸ್ಪತ್ರೆಗೂ ಅನ್ವಯಿಸುತ್ತದೆ.

ಒಬ್ಬರೇ ಡಾಕ್ಟರ್ ಇದ್ದಾರೆ. ರೋಗಿಗಳು ಹೇಳಿ ಕೇಳಿ ಬರುವವರಲ್ಲ, ಯಾವಾಗ ಬೇಕಾದರೂ ಬರುತ್ತಾರೆ. ಒಬ್ಬರಿಗೆ ಸರಾಸರಿ ಹತ್ತು ನಿಮಿಷ ಹಿಡಿಯುತ್ತದೆ, ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ. ಡಾಕ್ಟರ್ ತಮ್ಮ ಸಮಯದ ಅರ್ಧ ಭಾಗ ಮಾತ್ರ ಕೆಲಸದಲ್ಲಿದ್ದರೆ ನೀವು ಕಾಯಬೇಕಾದ್ದು ಸರಾಸರಿ 10 ನಿಮಿಷ. ಅವರ ಸಮಯದ ಶೇ. 80 ತುಂಬಿದ್ದರೆ 40 ನಿಮಿಷ. ಶೇ. 90 ತುಂಬಿದರೆ 90 ನಿಮಿಷ. ಶೇ. 95ಕ್ಕೆ ಹೋದರೆ 190 ನಿಮಿಷ. ಕೊನೆಯ ಎರಡು ಅಂಕಿಗಳನ್ನು ಮತ್ತೊಮ್ಮೆ ನೋಡಿ. ಕೆಲಸ ಹೆಚ್ಚಾಗಿದ್ದು ಶೇ. 5 ಮಾತ್ರ. ಕಾಯುವುದು ದುಪ್ಪಟ್ಟಿಗಿಂತ ಹೆಚ್ಚಾಯಿತು. ಶೇ. 100 ತುಂಬಿತು ಎಂದರೆ ಮುಗಿಯಿತು, ಕ್ಯೂ ಬೆಳೆಯುತ್ತಲೇ ಹೋಗುತ್ತದೆ.

ಯಾಕೆ ಹೀಗೆ? ಡಾಕ್ಟರಿಗೆ ಬಿಡುವಿದ್ದ ಹೊತ್ತನ್ನು ಎತ್ತಿಟ್ಟು ಆಮೇಲೆ ಬಳಸಲು ಬರುವುದಿಲ್ಲ. ಮಧ್ಯಾಹ್ನ ಇಪ್ಪತ್ತು ನಿಮಿಷ ಯಾರೂ ಬರಲಿಲ್ಲ ಎಂದರೆ ಆ ಇಪ್ಪತ್ತು ನಿಮಿಷ ಹೋಯಿತು. ಆದರೆ ಸಂಜೆ ಒಟ್ಟಿಗೆ ಐದು ಜನ ಬಂದರೆ ಆ ಕ್ಯೂ ಉಳಿಯುತ್ತದೆ. ಬಿಡುವು ಕರಗುತ್ತದೆ, ಬಾಕಿ ಸೇರುತ್ತದೆ. ಆ ಬಾಕಿಯನ್ನು ತೀರಿಸಲು ನಡುನಡುವೆ ಖಾಲಿ ಹೊತ್ತು ಇರಲೇಬೇಕು. ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಇದೇ ಕ್ಯೂ ನಿಮಿಷಗಳ ಬದಲು ದಿನಗಳಲ್ಲಿ, ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಿಜವಾದ ಕ್ಲಿನಿಕ್‌ನಲ್ಲಿ ಅಂಕಿಗಳು ಬೇರೆ ಇರಬಹುದು, ಆದರೆ ಏರುವ ರೀತಿ ಇದೇ.

ಬಹಳಷ್ಟು ದೇಶಗಳ ಆರೋಗ್ಯ ವ್ಯವಸ್ಥೆ ಸಾಂಕ್ರಾಮಿಕ ಬರುವ ಮೊದಲೇ ಈ ಏರುದಾರಿಯ ತುದಿಯಲ್ಲಿ ನಿಂತಿತ್ತು. ಖಾಲಿ ಹಾಸಿಗೆ, ಖಾಲಿ ಸ್ಲಾಟ್ ಅಂದರೆ ದಂಡ ಎಂಬ ಲೆಕ್ಕಾಚಾರದಲ್ಲಿ ಎಲ್ಲವನ್ನೂ ಬಿಗಿಯಾಗಿ ಕಟ್ಟಿದ್ದರು. ಅಲ್ಲಿಂದ ಸಾಮರ್ಥ್ಯ ಶೇ. 10 ಕುಸಿದರೂ ಸಾಕಾಗಿತ್ತು. ಮೇಲೆ ನೋಡಿದ ಉದಾಹರಣೆಯಲ್ಲಿ ಕುಸಿದಿದ್ದು ಹತ್ತಿರ ಹತ್ತಿರ ಅರ್ಧದಷ್ಟು.

ಈಗ ಬಾಕಿಯ ಲೆಕ್ಕ ನೋಡೋಣ. ಒಂದು ಕ್ಲಿನಿಕ್‌ಗೆ ದಿನಕ್ಕೆ 30 ಜನ ಬರಬೇಕು, ಅದಕ್ಕೆ 30 ಜನರನ್ನು ನೋಡುವ ಶಕ್ತಿ ಇದೆ. ಸಾಂಕ್ರಾಮಿಕ ಬಂದು ಅದು 18ಕ್ಕೆ ಇಳಿಯಿತು. ದಿನಕ್ಕೆ 12 ಜನ ಬಾಕಿ. ನೂರು ಕೆಲಸದ ದಿನಗಳಾದರೆ 1,200 ಜನ. ಆಮೇಲೆ ಎಲ್ಲ ಸರಿಹೋಯಿತು, ಮತ್ತೆ 30 ಜನರನ್ನು ನೋಡಲು ಶುರು ಮಾಡಿದರು. ಆ 1,200 ಜನರ ಗತಿ? ದಿನಾ ಹೊಸದಾಗಿ 30 ಜನ ಬರುತ್ತಲೇ ಇದ್ದಾರೆ, ಬಾಕಿ ಒಂದೂ ಕರಗುವುದಿಲ್ಲ. ಕಷ್ಟಪಟ್ಟು ದಿನಕ್ಕೆ 33 ಜನರನ್ನು ನೋಡಿದರೂ ಬಾಕಿ ತೀರಲು 400 ದಿನ ಬೇಕು. ಸೋಂಕು ಇಳಿದು ಮಾಸ್ಕ್ ತೆಗೆದ ಮೇಲೂ ಅಪಾಯಿಂಟ್‌ಮೆಂಟ್ ಯಾಕೆ ಸಿಗಲ್ಲ ಅನ್ನುವುದಕ್ಕೆ ಉತ್ತರ ಇದು. ನೂರು ದಿನದ ತೊಂದರೆ ನಾಲ್ಕು ಪಟ್ಟು ದಿನ ಕಾಡುತ್ತದೆ.

ಕಾಯುವವರ ಕಾಯಿಲೆಯೂ ನಿಂತಲ್ಲೇ ನಿಲ್ಲುವುದಿಲ್ಲ, ಅಲ್ವಾ? ಒಂದು ಭೇಟಿಯಲ್ಲಿ ಮಾತ್ರೆ ಬದಲಾಯಿಸಿ ಸರಿಪಡಿಸಬಹುದಾಗಿದ್ದ ಸಕ್ಕರೆ ಕಾಯಿಲೆ ಎಂಟು ತಿಂಗಳ ನಂತರ ಕಾಲಿನ ಹುಣ್ಣಾಗಿ ಬರುತ್ತದೆ. ಆಗ ಅದಕ್ಕೆ ಹತ್ತು ಸ್ಲಾಟ್ ಬೇಕು.

ಗಾಬರಿಯಾದ ಜನ ಮಾಡುವ ಕೆಲಸವೂ ಕ್ಯೂ ಬೆಳೆಸುತ್ತದೆ. ಲೈನ್ ಎಂಗೇಜ್ ಬಂದರೆ ಮತ್ತೆ ಮತ್ತೆ ಡಯಲ್ ಮಾಡುತ್ತೇವೆ. ನೂರು ಜನರ ಅಗತ್ಯ ಸಾವಿರ ಕರೆಗಳಾಗುತ್ತದೆ. ಮೂರು ಕಡೆ ಬುಕ್ ಮಾಡಿ ಎಲ್ಲಿ ಮೊದಲು ಸಿಗುತ್ತದೋ ಅಲ್ಲಿಗೆ ಹೋಗಿ, ಉಳಿದ ಎರಡನ್ನು ರದ್ದು ಮಾಡಲು ಮರೆಯುತ್ತೇವೆ. ದಿನಾಂಕ ದೂರ ಇದ್ದಷ್ಟೂ ಬರದೇ ಇರುವವರು ಜಾಸ್ತಿ. ಹೀಗೆ ತುಂಬಿದ ಪಟ್ಟಿಯ ಮಧ್ಯೆಯೇ ಡಾಕ್ಟರ್ ಯಾರೂ ಇಲ್ಲದೆ ಕೂತಿರುವ ಹೊತ್ತೂ ಇರುತ್ತದೆ.

ಪಟ್ಟಿಯಲ್ಲೇ ಇಲ್ಲದವರು

ನನಗೆ ಅತಿ ಹೆಚ್ಚು ಕಳವಳ ತರುವ ಭಾಗ ಇದು.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ತನ್ನ ಕಾಯುವವರ ಪಟ್ಟಿಯನ್ನು ಪ್ರತಿ ತಿಂಗಳು ಪ್ರಕಟಿಸುತ್ತದೆ. ಸಾಂಕ್ರಾಮಿಕಕ್ಕೆ ಮುಂಚೆ ಅದರಲ್ಲಿ ಸುಮಾರು 45 ಲಕ್ಷ ಚಿಕಿತ್ಸೆಗಳು ಬಾಕಿ ಇದ್ದವು. ಕೋವಿಡ್ ಬಂದು ಆಸ್ಪತ್ರೆಗಳು ಮಾಮೂಲಿ ಕೆಲಸ ನಿಲ್ಲಿಸಿದ 2020ರ ಬೇಸಿಗೆಗೆ ಆ ಪಟ್ಟಿ ಏರಿರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಅದು ಇಳಿಯಿತು, 40 ಲಕ್ಷದ ಆಸುಪಾಸಿಗೆ. ಜನ ಡಾಕ್ಟರ ಹತ್ತಿರ ಹೋಗಲೇ ಇಲ್ಲ, ಹಾಗಾಗಿ ಯಾರೂ ಅವರನ್ನು ಪಟ್ಟಿಗೆ ಸೇರಿಸಲಿಲ್ಲ. ಅವರ ಕಾಯಿಲೆ ಅವರ ಜೊತೆ ಮನೆಯಲ್ಲೇ ಇತ್ತು. ಆಮೇಲೆ ಅವರೆಲ್ಲ ಬಂದರು. 2023ರ ಸೆಪ್ಟೆಂಬರ್ ಹೊತ್ತಿಗೆ ಪಟ್ಟಿ 77 ಲಕ್ಷ ದಾಟಿತ್ತು.

ಕ್ಷಯ ರೋಗದಲ್ಲೂ ಇದೇ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಹೊಸದಾಗಿ ಪತ್ತೆಯಾದ ಕ್ಷಯ ರೋಗಿಗಳು 71 ಲಕ್ಷ, 2020ರಲ್ಲಿ 58 ಲಕ್ಷ. ಕಾಯಿಲೆ ಕಡಿಮೆಯಾಯಿತು ಎಂದು ಸಂತೋಷಪಡುವ ಹಾಗಿಲ್ಲ. ಅದೇ ವರ್ಷ ಕ್ಷಯದಿಂದ ಸತ್ತವರ ಸಂಖ್ಯೆ ಹತ್ತು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಮೊದಲ ಬಾರಿ ಏರಿತು. ಪತ್ತೆ ಮಾಡುವವರು ಇರಲಿಲ್ಲ, ಅಷ್ಟೇ. ಮಕ್ಕಳ ಲಸಿಕೆಯದೂ ಇದೇ ಕಥೆ. 2020ರಲ್ಲಿ 2.3 ಕೋಟಿ ಮಕ್ಕಳಿಗೆ ಮಾಮೂಲಿ ಲಸಿಕೆಗಳು ಪೂರ್ತಿಯಾಗಿ ಸಿಗಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದವು.

ಇದು ಕೋವಿಡ್‌ನಲ್ಲಿ ಮೊದಲ ಸಲ ಆಗಿದ್ದೇನಲ್ಲ. 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ 11,300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆಗ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಆಸ್ಪತ್ರೆ ಸೇವೆ ಕುಸಿದಿದ್ದರಿಂದ ಮಲೇರಿಯಾ, ಎಚ್‌ಐವಿ ಮತ್ತು ಕ್ಷಯದಿಂದ ಹೆಚ್ಚುವರಿಯಾಗಿ ಸತ್ತವರು ಸುಮಾರು 10,600 ಜನ ಎಂದು ಒಂದು ಅಧ್ಯಯನ ಅಂದಾಜು ಮಾಡಿದೆ. ಎಬೋಲಾ ತಾನೇ ಕೊಂದಷ್ಟೇ ಜನ, ಹತ್ತಿರ ಹತ್ತಿರ. ಡಾಕ್ಟರ್ ಸಿಗದಿರುವುದು ಬರೀ ಕಿರಿಕಿರಿಯ ವಿಷಯ ಅಲ್ಲ.

ಫೋನ್‌ನಲ್ಲಿ ಡಾಕ್ಟರ್

ಸಾಂಕ್ರಾಮಿಕ ತಂದ ದೊಡ್ಡ ಬದಲಾವಣೆ ಎಂದರೆ ಫೋನ್ ಮತ್ತು ವೀಡಿಯೊ ಮೂಲಕ ಡಾಕ್ಟರನ್ನು ಕಾಣುವುದು. ಅಮೆರಿಕದ ಹಿರಿಯ ನಾಗರಿಕರ ಆರೋಗ್ಯ ವಿಮೆ ಮೆಡಿಕೇರ್‌ನಲ್ಲಿ 2019ರಲ್ಲಿ ಇಂಥ ಭೇಟಿಗಳು ಸುಮಾರು 8.4 ಲಕ್ಷ ಇದ್ದವು. 2020ರಲ್ಲಿ 5.27 ಕೋಟಿಗೆ ಜಿಗಿದವು. ಇದು ನಿಜಕ್ಕೂ ದೊಡ್ಡ ಉಪಕಾರ. ಬಿಪಿ ಮಾತ್ರೆ ಮುಂದುವರಿಸಬೇಕಾ, ರಕ್ತ ಪರೀಕ್ಷೆಯ ವರದಿ ಏನು ಹೇಳುತ್ತದೆ, ಚರ್ಮದ ಮೇಲಿನ ಗುಳ್ಳೆ ಯಾವುದು, ಇಂಥವಕ್ಕೆ ಕೋಣೆಯೂ ಬೇಡ, ಒರೆಸುವ ಕೆಲಸವೂ ಇಲ್ಲ. ಕ್ವಾರಂಟೈನ್‌ನಲ್ಲಿರುವ ಡಾಕ್ಟರೂ ಮನೆಯಿಂದಲೇ ನೋಡಬಹುದು.

ಆದರೆ ಫೋನ್‌ನಲ್ಲಿ ಹೊಟ್ಟೆ ಒತ್ತಿ ನೋಡಲು ಆಗುವುದಿಲ್ಲ. ಎದೆಯ ಸದ್ದು ಕೇಳಿಸುವುದಿಲ್ಲ. ನಡೆದು ಬರುವಾಗಲೇ ಅನುಭವಿ ಡಾಕ್ಟರ್ ಕಂಡುಹಿಡಿಯುವ ಸುಸ್ತು ಅಲ್ಲಿ ಕಾಣುವುದಿಲ್ಲ. ಮನೆಯಲ್ಲಿ ನೋಡಿಕೊಂಡ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಮಟ್ಟವನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಹುದು ಎಂದು 2020ರ ಡಿಸೆಂಬರ್‌ನಲ್ಲಿ ಬಂದ ಒಂದು ಅಧ್ಯಯನ ತೋರಿಸಿತು. ಅದರ ಮಿತಿಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ 2021ರಲ್ಲಿ ಎಚ್ಚರಿಕೆಯನ್ನೂ ಕೊಟ್ಟಿತು. ಹಾಗಾಗಿ ಅಂಕಿ ಸರಿಯಾಗಿದ್ದರೂ ಏದುಸಿರು ಬರುತ್ತಿದ್ದರೆ ಏದುಸಿರನ್ನೇ ನಂಬಬೇಕು.

ಇನ್ನೊಂದು ತೊಂದರೆ ಇದೆ. ಬ್ರಿಟನ್ನಿನ ಡಾಕ್ಟರ್ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಒಂದು ಮಾತು ಬರೆದಿದ್ದರು. ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಎನ್ನುವುದು ಅದರ ತಾತ್ಪರ್ಯ. ಆ್ಯಪ್‌ನಲ್ಲಿ ಸ್ಲಾಟ್ ತೆರೆದ ಎರಡು ನಿಮಿಷದಲ್ಲಿ ಬುಕ್ ಮಾಡುವವರು ಯಾರು? ವೇಗದ ಇಂಟರ್ನೆಟ್ ಇರುವವರು, ಬೆರಳು ಚುರುಕಾಗಿರುವವರು, ಕೆಲಸದ ಮಧ್ಯೆ ಫೋನ್ ಹಿಡಿಯಲು ಬಿಡುವಿರುವವರು. ಎಂಬತ್ತು ದಾಟಿದ, ಕಣ್ಣು ಮಂಜಾದ, ಒಬ್ಬರೇ ಇರುವ ಹಿರಿಯರಿಗೆ ಆ ಎರಡು ನಿಮಿಷ ಸಾಲುವುದಿಲ್ಲ. ಬರೀ ಆ್ಯಪ್ ಇಟ್ಟು ಫೋನ್ ಲೈನ್ ಮುಚ್ಚುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಹಾಗಾದರೆ ಏನು ಮಾಡಬೇಕು?

ಮೊದಲ ಮಾತು. ಕೆಲವಕ್ಕೆ ಅಪಾಯಿಂಟ್‌ಮೆಂಟ್ ಕೇಳಲೇಬಾರದು, ನೇರವಾಗಿ ತುರ್ತು ವಿಭಾಗಕ್ಕೆ ಹೋಗಬೇಕು ಅಥವಾ ಆಂಬ್ಯುಲೆನ್ಸ್ ಕರೆಯಬೇಕು. ಎದೆ ಹಿಂಡಿದ ಹಾಗೆ ನೋವು, ಮಾತಾಡಲು ಆಗದಷ್ಟು ಉಸಿರಾಟದ ತೊಂದರೆ, ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲು ಆಗದಿರುವುದು, ಮಾತು ತೊದಲುವುದು, ನಿಲ್ಲದ ರಕ್ತಸ್ರಾವ, ಪ್ರಜ್ಞೆ ತಪ್ಪುವುದು, ಎಬ್ಬಿಸಿದರೂ ಏಳದ ಮಗು. ಸಾಂಕ್ರಾಮಿಕದ ಭಯಕ್ಕೆ ಹೃದಯಾಘಾತವನ್ನು ಮನೆಯಲ್ಲೇ ಸಹಿಸಿಕೊಂಡು ಕೂತವರಿದ್ದರು. ಸೋಂಕು ತಗಲುವ ಸಾಧ್ಯತೆಗಿಂತ ಅದು ಎಷ್ಟೋ ಪಟ್ಟು ದೊಡ್ಡ ಅಪಾಯ.

ಉಳಿದದ್ದಕ್ಕೆ ಫೋನ್ ಮಾಡುವಾಗ "ಹುಷಾರಿಲ್ಲ, ಡಾಕ್ಟರನ್ನು ನೋಡಬೇಕು" ಎಂದಷ್ಟೇ ಹೇಳಿದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಅವರ ಮುಂದೆ ಒಂದು ಪರದೆ ಇರುತ್ತದೆ. ಮುಂದಿನ ವಾರದ ಸ್ಲಾಟ್‌ಗಳು ಬೇರೆ, ಇವತ್ತಿನ ತುರ್ತಿಗೆ ಎಂದು ಎತ್ತಿಟ್ಟ ಒಂದೆರಡು ಬೇರೆ. ಯಾವುದನ್ನು ಕೊಡಬೇಕು ಅನ್ನುವುದು ನೀವು ಮೊದಲ ಅರ್ಧ ನಿಮಿಷದಲ್ಲಿ ಹೇಳುವ ಮಾತಿನ ಮೇಲೆ ನಿಂತಿದೆ. ಏನಾಗಿದೆ, ಯಾವಾಗಿನಿಂದ, ಹೆಚ್ಚಾಗುತ್ತಿದೆಯಾ ಕಡಿಮೆಯಾಗುತ್ತಿದೆಯಾ, ವಯಸ್ಸೆಷ್ಟು, ಮೊದಲಿನಿಂದ ಇರುವ ಕಾಯಿಲೆ ಯಾವುದು, ಗರ್ಭಿಣಿಯಾ, ಯಾವ ಮಾತ್ರೆ ನಡೆಯುತ್ತಿದೆ. "ಅಮ್ಮನಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ, ಮೂರು ದಿನದಿಂದ ಕಾಲಿನ ಗಾಯ ಕೆಂಪಾಗಿ ಊದಿದೆ, ನಿನ್ನೆಯಿಂದ ಜ್ವರ." ಇಷ್ಟು ಹೇಳಿದರೆ ಸಾಕು, ಎತ್ತಿಟ್ಟ ಸ್ಲಾಟ್ ಯಾರಿಗೆ ಹೋಗಬೇಕು ಎಂದು ಅವರಿಗೆ ಗೊತ್ತಾಗುತ್ತದೆ. ಕಾಯಿಲೆಯನ್ನು ಉಬ್ಬಿಸಿ ಹೇಳಬೇಡಿ, ಆ ಸ್ಲಾಟ್ ನಿಜವಾಗಿ ಬೇಕಾದವರಿಂದ ಕಿತ್ತುಕೊಂಡ ಹಾಗಾಗುತ್ತದೆ. ಸಂಕೋಚಪಟ್ಟು ಮುಚ್ಚಿಡಲೂ ಬೇಡಿ.

ದಿನಾಂಕ ಸಿಗದಿದ್ದರೆ ಫೋನ್ ಇಡುವ ಮುಂಚೆ ಇನ್ನೂ ಕೆಲವನ್ನು ಕೇಳಬಹುದು. ಯಾರಾದರೂ ರದ್ದು ಮಾಡಿದರೆ ಕರೆಯುವ ಪಟ್ಟಿ ಇದೆಯಾ? ಡಾಕ್ಟರ್ ಫೋನ್‌ನಲ್ಲಿ ಐದು ನಿಮಿಷ ಮಾತಾಡುತ್ತಾರಾ? ಇದನ್ನು ನರ್ಸ್ ನೋಡಿದರೆ ಸಾಕಾ? ಹಳೇ ಮಾತ್ರೆಯ ಚೀಟಿಯನ್ನು ಭೇಟಿಯಿಲ್ಲದೆ ನವೀಕರಿಸಬಹುದಾ? ಹೊಸ ಸ್ಲಾಟ್‌ಗಳು ಯಾವ ಹೊತ್ತಿಗೆ ತೆರೆಯುತ್ತವೆ? ನೀವು ಹೋಗಲಾಗದ ದಿನಾಂಕ ಇದ್ದರೆ ಒಂದು ಕರೆ ಮಾಡಿ ಬಿಟ್ಟುಕೊಡಿ.

ಇದೊಂದನ್ನು ಮರೆಯಬೇಡಿ: ಸರದಿ ಬರುವ ಮೊದಲೇ ಕಾಯಿಲೆ ಹೆಚ್ಚಾದರೆ ಸುಮ್ನೆ ಕಾಯಬಾರದು. ನಿಮಗೆ ಕೊಟ್ಟ ದಿನಾಂಕ ನೀವು ಅವತ್ತು ಹೇಳಿದ ಲಕ್ಷಣಗಳಿಗೆ ಕೊಟ್ಟಿದ್ದು. ಲಕ್ಷಣ ಬದಲಾಯಿತು ಎಂದರೆ ನಿಮ್ಮ ಜಾಗವೂ ಬದಲಾಗಬೇಕು, ಆದರೆ ನೀವು ಹೇಳದೆ ಅವರಿಗೆ ಗೊತ್ತಾಗುವುದಿಲ್ಲ. ಮತ್ತೆ ಫೋನ್ ಮಾಡಿ, "ಮೊದಲಿಗಿಂತ ಹೆಚ್ಚಾಗಿದೆ" ಎಂದೇ ಶುರು ಮಾಡಿ.

ಇಷ್ಟಾದರೂ ರೋಗಿಯ ಜಾಣತನದಿಂದ ಸ್ಲಾಟ್‌ಗಳು ಹುಟ್ಟುವುದಿಲ್ಲ. ಅದು ವ್ಯವಸ್ಥೆ ಮಾಡಬೇಕಾದ ಕೆಲಸ, ಮಾಡಲು ಸಾಧ್ಯವೂ ಹೌದು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯಲ್ಲಿ ಮಾರ್ಕ್ ಮರ್ರೆ ಮತ್ತು ಕ್ಯಾಥರೀನ್ ಟಂಟೌ ಒಂದು ಪ್ರಯೋಗ ಮಾಡಿದರು. ಅಲ್ಲಿ ಮಾಮೂಲಿ ಅಪಾಯಿಂಟ್‌ಮೆಂಟ್‌ಗೆ 55 ದಿನ ಕಾಯಬೇಕಿತ್ತು. ಒಂದು ವರ್ಷದೊಳಗೆ ಅದು ಒಂದು ದಿನಕ್ಕೆ ಇಳಿಯಿತು. ಮೊದಲು ಹೆಚ್ಚುವರಿ ಕೆಲಸ ಮಾಡಿ ಹಳೇ ಬಾಕಿ ತೀರಿಸಬೇಕು, ಆಮೇಲೆ ಇವತ್ತು ಕರೆದವರನ್ನು ಇವತ್ತೇ ನೋಡಬೇಕು, ನಾಳೆಗಾಗಿ ಸ್ಲಾಟ್‌ಗಳನ್ನು ಖಾಲಿ ಇಡಬೇಕು ಎನ್ನುವುದು ಅವರ ವಿಧಾನ. ದಿನದ ಬೇಡಿಕೆಗಿಂತ ಸಾಮರ್ಥ್ಯ ಸ್ವಲ್ಪವಾದರೂ ಜಾಸ್ತಿ ಇರುವ ಕಡೆ ಮಾತ್ರ ಇದು ನಡೆಯುತ್ತದೆ. ಸೋಂಕು ಏರುತ್ತಿರುವಾಗ ಆಗದ ಮಾತು. ಆದರೆ ಇಳಿದ ಮೇಲೆ ಆ ಹೆಚ್ಚುವರಿ ಕೆಲಸಕ್ಕೆ ಜನ ಮತ್ತು ಹಣ ಕೊಡದೆ "ಎಲ್ಲ ಮೊದಲಿನಂತಾಗಿದೆ" ಎಂದು ಘೋಷಿಸಿದರೆ ಬಾಕಿ ಬಾಕಿಯಾಗಿಯೇ ಉಳಿಯುತ್ತದೆ. ಸೋಂಕು ಇರುವಾಗಲೂ ಜ್ವರ, ಕೆಮ್ಮಿನವರಿಗೆ ಬೇರೆ ಬಾಗಿಲು, ಉಳಿದವರಿಗೆ ಬೇರೆ ಬಾಗಿಲು ಮಾಡಿದರೆ ಪ್ರತಿ ರೋಗಿಯ ನಡುವಿನ ಒರೆಸುವ ಹೊತ್ತು ಎಷ್ಟೋ ಉಳಿಯುತ್ತದೆ.

ಮತ್ತೆ ಬಾಗಿಲು ತೆರೆದಾಗ ಯಾರನ್ನು ಮೊದಲು ನೋಡಬೇಕು? ಎಲ್ಲರಿಗಿಂತ ಜೋರಾಗಿ ಕೇಳುವವರು ಹೇಗೂ ಬಂದೇ ಬರುತ್ತಾರೆ. ಹುಡುಕಬೇಕಾದ್ದು ಕೇಳುವುದನ್ನೇ ಬಿಟ್ಟವರನ್ನು. ಕ್ಲಿನಿಕ್‌ನ ದಾಖಲೆಯಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಅಸ್ತಮಾ, ಹೃದಯದ ತೊಂದರೆ ಇದ್ದು ಆರು ತಿಂಗಳಿಂದ ಇತ್ತ ಸುಳಿಯದವರ ಹೆಸರು ತೆಗೆಯಲು ಒಂದು ಮಧ್ಯಾಹ್ನ ಸಾಕು. ಲಸಿಕೆ ತಪ್ಪಿಸಿಕೊಂಡ ಮಕ್ಕಳ ಪಟ್ಟಿಯನ್ನೂ ಹಾಗೆಯೇ ತೆಗೆಯಬಹುದು. ಒಬ್ಬ ನರ್ಸ್ ಕೈಗೆ ಆ ಪಟ್ಟಿ ಮತ್ತು ಫೋನ್ ಕೊಟ್ಟು, ದಿನಕ್ಕೆ ಒಂದಷ್ಟು ಸ್ಲಾಟ್‌ಗಳನ್ನು ಅವರು ಕರೆಯುವವರಿಗೇ ಮೀಸಲಿಡಬೇಕು.